ನಿಮಗಿದು ಗೊತ್ತೇ? ದ್ರಾಕ್ಷಿ ಚಪ್ಪರದಡಿಯ ಬೆನ್ನು

● ತಮಿಳುನಾಡಿನ ತೇನಿ ಜಿಲ್ಲೆಯ ಓಡೈಪಟ್ಟಿ ಬೀಜವಿಲ್ಲದ ದ್ರಾಕ್ಷಿಗೆ ಹೆಸರುವಾಸಿ. ಮನೆಮಾತು ಕನ್ನಡವಾದ ಕಾಪ್ಪಿಲಿಯರು ತಲೆಮಾರುಗಳಿಂದ ಬೇಸಾಯ ಮಾಡಿಕೊಂಡು ಬಂದಿರುವ ಸೀಮೆಯಿದು. ಇಲ್ಲಿ ಬಳ್ಳಿ ಹಬ್ಬುವುದು ತಲೆ ಮೇಲಿನ ಚಪ್ಪರಕ್ಕೆ. ಕತ್ತರಿ ಹಿಡಿದವರು ಕತ್ತು ಹಿಂದಕ್ಕೆ ವಾಲಿಸಿ, ತೋಳೆತ್ತಿಯೇ ಗೊಂಚಲು ಬಿಡಿಸಬೇಕು.

● ಇದೇ ಸೀಮೆಯಿಂದ ಜೀಪು ಹತ್ತಿ ಕೇರಳದ ಇಡುಕ್ಕಿಯ ಏಲಕ್ಕಿ ತೋಟಕ್ಕೆ ಹೋಗುವ ಹೆಂಗಸರ ಪಾಡು ತದ್ವಿರುದ್ಧ. ಏಲಕ್ಕಿ ಕಾಯಿ ಬಿಡುವುದು ಗಿಡದ ಬುಡದಲ್ಲಿ. ಕೊಯ್ಲೆಂದರೆ ಸೊಂಟ ಬಗ್ಗಿಸಲೇಬೇಕು.

● ಜಿರಾಫೆಗೂ ನಮಗೂ ಕತ್ತಿನ ಮೂಳೆ 7 ಮಾತ್ರ. ನಮ್ಮ ಕತ್ತು ಹೊರುವ ತಲೆಯ ತೂಕ ಸುಮಾರು 5 ಕಿಲೋ. ಮೊಬೈಲ್ ನೋಡಲು 60 ಡಿಗ್ರಿ ಬಗ್ಗಿದರೆ ಕತ್ತಿನ ಮೇಲಿನ ಭಾರ 27 ಕಿಲೋದಷ್ಟಾಗುತ್ತದೆ ಎಂದು 2014ರಲ್ಲಿ ಅಮೆರಿಕದ ಶಸ್ತ್ರವೈದ್ಯರೊಬ್ಬರು ಲೆಕ್ಕ ಹಾಕಿದರು.

● ರಾತ್ರಿಗಿಂತ ಬೆಳಗ್ಗೆ ನೀವು ಒಂದು ಸೆಂಟಿಮೀಟರಿನಷ್ಟು ಎತ್ತರ! ಬೆನ್ನೆಲುಬಿನ ನಡುವಿನ 23 ಬಿಲ್ಲೆಗಳು ಹಗಲಿನ ಭಾರಕ್ಕೆ ನೀರು ಕಳೆದುಕೊಂಡು, ಮಲಗಿದಾಗ ಮತ್ತೆ ಹೀರಿಕೊಳ್ಳುತ್ತವೆ.

● ದೊಡ್ಡವರ ಈ ಬಿಲ್ಲೆಗಳ ಒಡಲಿಗೆ ರಕ್ತನಾಳ ಇಳಿಯುವುದಿಲ್ಲ. ಸುತ್ತಲಿಂದ ಜಿನುಗುವ ದ್ರವವೇ ಅವಕ್ಕೆ ಆಹಾರ. ಆದ್ದರಿಂದ ನೆಟ್ಟಗೆ ಕೂತವರೂ ಆಗಾಗ ಎದ್ದು ಓಡಾಡಬೇಕು.

● 2020ರಲ್ಲಿ ಸೊಂಟನೋವಿನಿಂದ ಬಳಲುತ್ತಿದ್ದವರು ಜಗತ್ತಿನಲ್ಲಿ 61.9 ಕೋಟಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

● ಶಾಲೆಯ ಚೀಲಕ್ಕೂ ಮಿತಿಯಿದೆ. ಕರ್ನಾಟಕದ 2019ರ ಆದೇಶದಂತೆ 1–2ನೇ ತರಗತಿಗೆ ಗರಿಷ್ಠ 2 ಕಿಲೋ, 9–10ಕ್ಕೆ 5 ಕಿಲೋ. ಮಗುವಿನ ಚೀಲವನ್ನು ಇಂದೇ ತೂಗಿ ನೋಡಿ.

● ಕುರ್ಚಿ, ಹಗ್ಗ, ಮರದ ತುಂಡುಗಳನ್ನು ಯೋಗಾಸನಕ್ಕೆ ಆಸರೆಯಾಗಿಸಿ, ಮೈ ಬಾಗದವರಿಗೂ ಆಸನ ಕಲಿಸಿದ ಬಿ.ಕೆ.ಎಸ್. ಅಯ್ಯಂಗಾರ್ ಕೋಲಾರ ಸೀಮೆಯ ಬೆಳ್ಳೂರಿನವರು, 1918ರಲ್ಲಿ ಹುಟ್ಟಿದವರು.

● ಚಪ್ಪರದಡಿ ಅಲುಗಾಡದ ಮಣೆಯೊಂದನ್ನು ಹಾಕಿಕೊಂಡು ನಿಂತರೆ ಗೊಂಚಲು ಕಣ್ಣಿನ ಮಟ್ಟಕ್ಕೆ ಬರುತ್ತದೆ, ಕತ್ತು ಹಗುರಾಗುತ್ತದೆ. ಹಣ್ಣಿನ ಕ್ರೇಟು ಎತ್ತುವಾಗ ಮಂಡಿ ಮಡಿಸಿ, ಎದೆಗೆ ಒತ್ತಿ ಹಿಡಿಯಿರಿ. ಹೊತ್ತುಕೊಂಡು ಸೊಂಟ ತಿರುಚಬೇಡಿ. ಆಗಾಗ ಕೆಲಸ ಬದಲಿಸಿ: ಒಂದಷ್ಟು ಹೊತ್ತು ಕತ್ತರಿ, ಒಂದಷ್ಟು ಹೊತ್ತು ಹಣ್ಣು ಆರಿಸುವುದು.

● ಸಾಮಾನ್ಯ ಸೊಂಟನೋವಿಗೆ ದಿನಗಟ್ಟಲೆ ಹಾಸಿಗೆ ಹಿಡಿಯುವುದು ಮದ್ದಲ್ಲ. ಆದಷ್ಟು ನಡೆದಾಡಿದರೆ ಬೇಗ ಗುಣ. ಆದರೆ ನೋವಿನ ಜೊತೆ ಕಾಲು ಸೋತರೆ, ತೊಡೆಸಂದು ಜೋಮು ಹಿಡಿದರೆ, ಮೂತ್ರ ಹಿಡಿತ ತಪ್ಪಿದರೆ ಎಣ್ಣೆ ನೀವುತ್ತ ಕೂರಬೇಡಿ. ಕೂಲಿ ಹೋದರೂ ಸರಿ, ಅಂದೇ ಆಸ್ಪತ್ರೆಗೆ ಹೋಗಿ.