ಒತ್ತಿ ಬೇಯಿಸುವ ಊರು

ಅಮೆರಿಕದ ಓಕ್ಲಹೋಮಾ ರಾಜ್ಯದ ಎಲ್ ರೆನೊ, ಹಳೆಯ 66ನೇ ಹೆದ್ದಾರಿಯ ಮೇಲಿನ ಸಣ್ಣ ಊರು. ಒಂದು ಕಾಲಕ್ಕೆ ರಾಕ್ ಐಲೆಂಡ್ ರೈಲು ಕಂಪನಿಯ ವರ್ಕ್‌ಶಾಪುಗಳೇ ಇದಕ್ಕೆ ಅನ್ನ ಕೊಟ್ಟಿದ್ದವು. ಈಗ ಹೊರಗಿನವರು ಇಲ್ಲಿಗೆ ಹುಡುಕಿಕೊಂಡು ಬರುವುದು ಈರುಳ್ಳಿ ಬರ್ಗರ್‌ಗಾಗಿ. 1926ರಿಂದ ನಡೆಯುತ್ತಿರುವ ರಾಬರ್ಟ್ಸ್ ಗ್ರಿಲ್, 1946ರ ಜಾನೀಸ್ ಗ್ರಿಲ್, ಆಮೇಲೆ ಬಂದ ಸಿಡ್ಸ್ ಡೈನರ್: ಯಾವುದು ಮೇಲು ಎಂದು ಕೇಳಿದರೆ ಜಗಳ ಖಾತ್ರಿ.

1922ರಲ್ಲಿ ಕೂಲಿ ಕಡಿತದ ವಿರುದ್ಧ ದೇಶದಾದ್ಯಂತ ರೈಲ್ವೆ ವರ್ಕ್‌ಶಾಪ್ ಕಾರ್ಮಿಕರು ಮುಷ್ಕರ ಹೂಡಿದರು. ಎಲ್ ರೆನೊದ ಅಂಗಡಿಗಳಲ್ಲೂ ಗಿರಾಕಿಗಳ ಜೇಬು ಬರಿದಾಯಿತು. ಆಗ ಹ್ಯಾಂಬರ್ಗರ್ ಇನ್ ಎಂಬ ಅಂಗಡಿಯ ರಾಸ್ ಡೇವಿಸ್, ದುಬಾರಿ ದನದ ಮಾಂಸವನ್ನು ಕಡಿಮೆ ಮಾಡಿ ಅಗ್ಗದ ಈರುಳ್ಳಿಯನ್ನು ಹೇರಳವಾಗಿ ಸೇರಿಸಿದ ಎನ್ನುವುದು ಊರಿನ ಕಥೆ. ಬಡತನ ಕಲಿಸಿದ ಈ ಉಪಾಯಕ್ಕೆ ಇಂದು ದೊಡ್ಡ ನಗರಗಳ ಹೋಟೆಲುಗಳು ಹಾಕುವ ಬೆಲೆ ನೋಡಿದರೆ ನಗು ಬರುತ್ತದೆ.

ಮಾಡುವ ಕ್ರಮ ನೋಡುವಂಥದ್ದು. ಕಾದು ಹೊಗೆಯಾಡುವ ಕಾವಲಿಯ ಮೇಲೆ ಖೈಮಾದ ಉಂಡೆ. ಅದರ ಮೇಲೆ ಕಾಗದದಷ್ಟು ತೆಳುವಾಗಿ ಹೆಚ್ಚಿದ ಈರುಳ್ಳಿಯ ಗುಡ್ಡೆ. ಸಟ್ಟುಗದಿಂದ ಬಲವಾಗಿ ಒತ್ತಿದರೆ ಈರುಳ್ಳಿ ಮಾಂಸದೊಳಗೇ ಹೂತುಹೋಗುತ್ತದೆ. ತಳ ಕೆಂಪಾದಾಗ ಕಾವಲಿಗೆ ಕಚ್ಚಿದ್ದನ್ನು ಒಂದು ಚೂರೂ ಬಿಡದೆ ಹೆರೆದು ಮಗುಚಬೇಕು. ಈಗ ಈರುಳ್ಳಿ ಕೆಳಗೆ. ಮಾಂಸದ ಕೊಬ್ಬಿನಲ್ಲೇ ಬೆಂದು ಸಿಹಿಯಾಗುತ್ತದೆ, ಅಂಚಿನಲ್ಲಿ ಅಲ್ಲಲ್ಲಿ ಸೀಯುತ್ತದೆ. ಮೇಲಿಟ್ಟ ಬನ್ನು ಆ ಹಬೆಯಲ್ಲೇ ಮೆತ್ತಗಾಗುತ್ತದೆ.

ಒತ್ತಿದರೆ ರಸ ಸೋರಿಹೋಗುತ್ತದಲ್ಲ ಎಂದು ಅಡುಗೆ ಬಲ್ಲವರು ಕೇಳಬಹುದು. ಗುಟ್ಟಿರುವುದು ಹೊತ್ತಿನಲ್ಲಿ. ಉಂಡೆ ಕಾವಲಿಗೆ ಬಿದ್ದ ಮೊದಲ ಅರ್ಧ ನಿಮಿಷದಲ್ಲಿ ಕೊಬ್ಬು ಇನ್ನೂ ಗಟ್ಟಿ, ಹಾಗಾಗಿ ಹೆಚ್ಚು ನಷ್ಟವಿಲ್ಲ. ತಡವಾಗಿ ಒತ್ತಿದರೆ ಮಾತ್ರ ರಸವೆಲ್ಲ ಕಾವಲಿಯ ಪಾಲು. ಒತ್ತಿದಾಗ ಮಾಂಸದ ಮೈಯೆಲ್ಲ ಬಿಸಿ ಕಬ್ಬಿಣಕ್ಕೆ ತಾಗುತ್ತದೆ, ನೀರಿನಂಶ ಬೇಗ ಆರಿ ಮೈ ಕಂದಾಗುತ್ತದೆ. ಪ್ರೋಟೀನು ಮತ್ತು ಸಕ್ಕರೆ ಸೇರಿ ಕಂದು ಬಣ್ಣ, ಘಮ ಹುಟ್ಟುವ ಈ ಕ್ರಿಯೆಯನ್ನು 1912ರಲ್ಲಿ ವಿವರಿಸಿದವನು ಫ್ರಾನ್ಸಿನ ಲೂಯಿ ಕಮೀಲ್ ಮೈಯಾರ್. ನಮ್ಮ ದೋಸೆಯ ಕೆಂಪು ತಳಕ್ಕೂ ಅದೇ ಕಾರಣ.

2007ರಲ್ಲಿ ಡೆನ್ವರ್‌ನಲ್ಲಿ ಶುರುವಾದ ಸ್ಮ್ಯಾಶ್‌ಬರ್ಗರ್ ಕಂಪನಿ ಒತ್ತುವುದನ್ನೇ ಹೆಸರಾಗಿಸಿಕೊಂಡಿತು. ಆದರೂ ಎಲ್ ರೆನೊದ ಕೌಂಟರಿನೆದುರಿನ ಸ್ಟೂಲೇ ನನಗೆ ಒಳ್ಳೆಯ ಜಾಗವೆನಿಸುತ್ತದೆ: ಕೆಲಸವೆಲ್ಲ ಕಣ್ಣೆದುರೇ, ಬಚ್ಚಿಡಲು ಏನೂ ಇಲ್ಲ. ಮೇ ತಿಂಗಳ ಮೊದಲ ಶನಿವಾರ ಊರಿನಲ್ಲಿ ಈರುಳ್ಳಿ ಬರ್ಗರ್ ಹಬ್ಬ. ಅಂದು ನೂರಾರು ಪೌಂಡ್ ತೂಕದ ಒಂದೇ ಒಂದು ಬರ್ಗರ್ ಬೇಯಿಸಿ ಹಂಚುತ್ತಾರೆ. ಅದರಲ್ಲಿ ಗರಿಗರಿ ಅಂಚು ಎಷ್ಟು ಜನರ ಪಾಲಿಗೆ ಬರುತ್ತದೋ, ನನಗಂತೂ ಅನುಮಾನ.