ಕೆಲಸದ ವೇಳೆ: ಇಂಗ್ಲಿಷಿನ ಸಣ್ಣ ಪದ, ದೊಡ್ಡ ತೊಡಕು

ಮಹಾನಗರದ ಬದುಕು ಗಡಿಯಾರದ ಮುಳ್ಳಿಗೆ ಕಟ್ಟಿದ ಬದುಕು. ಲೋಕಲ್ ರೈಲಿನಿಂದ ಹಿಡಿದು ಹೊಟೇಲಿನ ಪಾಳಿಯ ವರೆಗೆ ಎಲ್ಲದಕ್ಕೂ ವೇಳೆ ನಿಗದಿ. ದುಡಿಮೆಯಲ್ಲಿ ನಮ್ಮ ಯುವಕ ಯುವತಿಯರು ಯಾರಿಗೂ ಕಡಿಮೆಯಿಲ್ಲ. ಆದರೆ ಕೆಲಸದ ವೇಳೆಯನ್ನು ಇಂಗ್ಲಿಷಿನಲ್ಲಿ ಬರೆಯಬೇಕಾದಾಗ ತಡವರಿಸುವವರು ಹಲವರು. ರಜೆಯ ಅರ್ಜಿ, ಶಿಫ್ಟ್ ಬದಲಾವಣೆಯ ಪತ್ರ, ಸಂಘದ ಕಚೇರಿಯ ಫಲಕ, ಎಲ್ಲೆಡೆ ತೊಡಕಾಗುವುದು ಸಣ್ಣ ಸಣ್ಣ ಪದಗಳೇ.

ಮೊದಲನೆಯದಾಗಿ 'ಬಿಟ್ವೀನ್ ಟೆನ್ ಟು ಫೈವ್' ಎಂಬ ಪ್ರಯೋಗ. ಇದು ತಪ್ಪು. 'ಫ್ರಂ' ಬಂದರೆ ಜತೆಗೆ 'ಟು' ಬರಬೇಕು, 'ಬಿಟ್ವೀನ್' ಬಂದರೆ 'ಆ್ಯಂಡ್'. ಅರ್ಥದಲ್ಲೂ ವ್ಯತ್ಯಾಸವಿದೆ. 'ಐ ವರ್ಕ್ ಫ್ರಂ ಟೆನ್ ಟು ಫೈವ್' ಎಂದರೆ ಅಷ್ಟೂ ಹೊತ್ತು ಕೆಲಸ. 'ಕಮ್ ಬಿಟ್ವೀನ್ ಟೆನ್ ಆ್ಯಂಡ್ ಫೈವ್' ಎಂದರೆ ಆ ನಡುವೆ ಯಾವಾಗ ಬಂದರೂ ಸರಿ.

ಎರಡನೆಯದು 'ಬೈ' ಮತ್ತು 'ಟಿಲ್'. ಬ್ಯಾಂಕಿನ ಕೌಂಟರಿನಲ್ಲಿ ಕುಳಿತವರಿಗೆ ಇದರ ಮಹತ್ವ ಚೆನ್ನಾಗಿ ಗೊತ್ತು. 'ಬೈ' ಎಂದರೆ ನಮ್ಮ 'ಒಳಗೆ', 'ಟಿಲ್' ಎಂದರೆ 'ವರೆಗೆ'. ಸರಕಾರಿ ಪಿಂಚಣಿದಾರರು ಪ್ರತಿ ವರ್ಷ ನವೆಂಬರಿನಲ್ಲಿ ಜೀವಿತ ಪ್ರಮಾಣಪತ್ರ ಸಲ್ಲಿಸಬೇಕು. 'ಸಬ್ಮಿಟ್ ಬೈ 30 ನವೆಂಬರ್' ಎಂದರೆ 30ರಂದು ಅಥವಾ ಅದಕ್ಕೂ ಮೊದಲು ಒಮ್ಮೆ ಕೊಟ್ಟರೆ ಕೆಲಸ ಮುಗಿಯಿತು. ಕೊಡದಿದ್ದರೆ ಪಿಂಚಣಿಗೆ ತಡೆ. 'ದ ಕೌಂಟರ್ ಈಸ್ ಓಪನ್ ಟಿಲ್ ಫೋರ್' ಎಂದರೆ ನಾಲ್ಕರ ತನಕ ಕೌಂಟರು ತೆರೆದೇ ಇರುತ್ತದೆ. 'ಸಬ್ಮಿಟ್ ಟಿಲ್' ಎಂದು ಬರೆಯುವುದು ಸರಿಯಲ್ಲ.

ಮೂರನೆಯದು 'ಸಿನ್ಸ್' ಮತ್ತು 'ಫಾರ್'. ಉದ್ಯೋಗದ ಸಂದರ್ಶನದಲ್ಲಿ ಹೆಚ್ಚಾಗಿ ಎಡವುವುದು ಇಲ್ಲಿ. ಕನ್ನಡದಲ್ಲಿ 'ಹತ್ತು ವರ್ಷದಿಂದ', '2015ರಿಂದ' ಎರಡಕ್ಕೂ ಒಂದೇ 'ಇಂದ' ಪ್ರತ್ಯಯ ಸಾಕು. ಇಂಗ್ಲಿಷಿನಲ್ಲಿ ಸಾಲದು. ಆರಂಭದ ದಿನ ಅಥವಾ ವರ್ಷ ಹೇಳುವಾಗ 'ಸಿನ್ಸ್ 2015', ಒಟ್ಟು ಅವಧಿ ಹೇಳುವಾಗ 'ಫಾರ್ ಟೆನ್ ಇಯರ್ಸ್'. ಎರಡಕ್ಕೂ ಮುಂಚೆ 'ಐ ಆ್ಯಮ್ ವರ್ಕಿಂಗ್' ಅಲ್ಲ, 'ಐ ಹ್ಯಾವ್ ಬೀನ್ ವರ್ಕಿಂಗ್' ಬರಬೇಕು. ನಿತ್ಯದ ಕೆಲಸಕ್ಕೆ 'ಐ ವರ್ಕ್' ಸಾಕು. ಈ ವಾರ ಮಾತ್ರ ರಾತ್ರಿ ಪಾಳಿಯಿದ್ದರೆ 'ಐ ಆ್ಯಮ್ ವರ್ಕಿಂಗ್ ನೈಟ್ಸ್ ದಿಸ್ ವೀಕ್' ಎನ್ನಬಹುದು.

ಇನ್ನು ಫಲಕಗಳ ವಿಚಾರ. 'ಸಂಡೇ ಕ್ಲೋಸ್' ಎಂಬ ಬರಹ ಗಲ್ಲಿ ಗಲ್ಲಿಯಲ್ಲೂ ಕಾಣಸಿಗುತ್ತದೆ. 'ಕ್ಲೋಸ್ಡ್ ಆನ್ ಸಂಡೇಸ್' ಎಂದಿರಬೇಕು. ತೆರೆದಿರುವುದಕ್ಕೆ ಮಾತ್ರ 'ಓಪನ್ಡ್' ಅಲ್ಲ, 'ಓಪನ್'. 'ಆನ್ ಸಂಡೇ' ಎಂದರೆ ಸಾಮಾನ್ಯವಾಗಿ ಬರುವ ರವಿವಾರ, 'ಆನ್ ಸಂಡೇಸ್' ಎಂದರೆ ಪ್ರತಿ ರವಿವಾರ. 2015ರ ಸೆಪ್ಟೆಂಬರ್ 1ರಿಂದ ಬ್ಯಾಂಕುಗಳಿಗೆ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆ ಬಂದಾಗಲೂ ಸೂಚನೆಗೆ ಬೇಕಾದದ್ದು ಇದೇ ಬಹುವಚನ. ಗಂಟೆಗೆ 'ಆ್ಯಟ್', ವಾರಕ್ಕೂ ತಾರೀಕಿಗೂ 'ಆನ್', ತಿಂಗಳಿಗೆ 'ಇನ್'. 'ಟುಡೇ ಮಾರ್ನಿಂಗ್' ಬದಲು 'ದಿಸ್ ಮಾರ್ನಿಂಗ್' ಎನ್ನುವುದು ಒಳ್ಳೆಯದು.

ಕೊನೆಯದಾಗಿ ಹನ್ನೆರಡು ಗಂಟೆಯ ಗೊಂದಲ. 'ಟ್ವೆಲ್ವ್ ಎ.ಎಂ.' ಎಂದರೆ ಮಧ್ಯರಾತ್ರಿ, 'ಟ್ವೆಲ್ವ್ ಪಿ.ಎಂ.' ಎಂದರೆ ನಡುಹಗಲು ಎಂಬುದು ರೂಢಿ. ಆದರೂ 'ನೂನ್', 'ಮಿಡ್‌ನೈಟ್' ಎಂದೇ ಬರೆದರೆ ಸಂಶಯಕ್ಕೆ ಎಡೆಯಿಲ್ಲ. ರೈಲ್ವೆಯದು 24 ಗಂಟೆಯ ಲೆಕ್ಕ. ಟಿಕೇಟಿನಲ್ಲಿ 12ನೇ ತಾರೀಕು 00.10 ಎಂದಿದ್ದರೆ 11ರ ರಾತ್ರಿಯೇ ನಿಲ್ದಾಣದಲ್ಲಿರಬೇಕು. 12ರ ರಾತ್ರಿ ಹೋದರೆ ಗಾಡಿ ಹೋಗಿ ಒಂದು ದಿನವೇ ಆಗಿರುತ್ತದೆ.

ಇಂಗ್ಲಿಷ್ ನಮ್ಮ ಮನೆಮಾತಲ್ಲ, ಹೊಟ್ಟೆಪಾಡಿನ ಭಾಷೆ. ಅದನ್ನು ಅಚ್ಚುಕಟ್ಟಾಗಿ ಬಳಸಿದರೆ ಕನ್ನಡಕ್ಕೇನೂ ಕುಂದಿಲ್ಲ. ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಕಲಿತವರ ಪರಂಪರೆ ನಮ್ಮದು. ಸಂಘ ಸಂಸ್ಥೆಗಳ ಯುವ ವಿಭಾಗಗಳು ತಿಂಗಳಿಗೊಂದು ರವಿವಾರ ಅರ್ಜಿ, ಪತ್ರ ಬರೆಯುವ ತರಬೇತಿ ಇಟ್ಟುಕೊಂಡರೆ ಹೊಸದಾಗಿ ಕೆಲಸ ಹುಡುಕುವ ನಮ್ಮ ಮಕ್ಕಳಿಗೆ ದೊಡ್ಡ ಉಪಕಾರವಾದೀತು.