ಕನ್ನಡಕದೊಳಗಿನ ಹೆರಿಗೆ ಕೋಣೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ವಿದ್ಯಾರ್ಥಿಗಳಿಗೆ ಉಂಡೆ ಕೊಬ್ಬರಿಯ ವಿಚಾರ ಹೇಳಿಕೊಡಬೇಕಾಗಿಲ್ಲ. ಅಟ್ಟದ ಮೇಲೆ ಹಾಕಿದ ಕಾಯಿ ಹಲವು ತಿಂಗಳಾದ ಮೇಲೆ ನೀರಿಂಗಿ ಕೊಬ್ಬರಿಯಾಗುತ್ತದೆ. ಒಳಗಿನ ಉಂಡೆ ಚಿಪ್ಪು ಬಿಟ್ಟಿದೆಯೇ ಎಂಬುದನ್ನು ಮನೆಯ ಹಿರಿಯರು ಕಾಯಿ ಒಡೆಯದೆ, ಕಿವಿಯ ಬಳಿ ಅಲ್ಲಾಡಿಸಿಯೇ ಹೇಳುತ್ತಾರೆ. ಸಾವಿರಾರು ಕಾಯಿ ಕೈಯಲ್ಲಿ ಆಡಿದ್ದರಿಂದ ಬಂದ ವಿದ್ಯೆ ಅದು.

ಹೆರಿಗೆ ಮಾಡಿಸುವ ವಿದ್ಯೆಯೂ ಬಹುಮಟ್ಟಿಗೆ ಇಂಥದೇ. ಇದೇ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಶಾಲೆಯಲ್ಲಿ ಓದಿದವರಲ್ಲ. ಅಜ್ಜಿಯಿಂದ ಕಲಿತು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೆಂದು ಹೇಳುತ್ತಾರೆ. ಹೊಟ್ಟೆಯ ಮೇಲೆ ಕೈಯಿಟ್ಟೇ ಮಗುವಿನ ಸ್ಥಿತಿ ತಿಳಿಯುತ್ತಿದ್ದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು.

ವೈದ್ಯಕೀಯ ವಿದ್ಯಾರ್ಥಿಗೆ ಅಷ್ಟು ಕಾಲವೆಲ್ಲಿ? ಹೆರಿಗೆ ವಾರ್ಡಿನಲ್ಲಿ ಸಿಗುವುದು ಕೆಲವೇ ವಾರ. ಅಲ್ಲಿ ಕಾಣುವ ಹೆಚ್ಚಿನ ಹೆರಿಗೆಗಳು ಸುಸೂತ್ರವಾಗಿ ಮುಗಿಯುತ್ತವೆ. ಮಗುವಿನ ತಲೆ ಹೊರಬಂದು ಭುಜ ಸಿಕ್ಕಿಕೊಂಡರೆ ಕೈಯಲ್ಲಿರುವುದು ನಾಲ್ಕೈದು ನಿಮಿಷ. ಆಗ ಹಿರಿಯ ವೈದ್ಯರು ಮುಂದೆ ಬರುತ್ತಾರೆ, ವಿದ್ಯಾರ್ಥಿ ಹಿಂದೆ ಸರಿಯುತ್ತಾನೆ. ಸರಿಯಲೇಬೇಕು. ಆದರೆ ಮುಂದೆ ಅವನೇ ಒಬ್ಬಂಟಿ ವೈದ್ಯನಾಗಿ ನಿಲ್ಲುವ ದಿನ ಬರುತ್ತದಲ್ಲ!

ಈ ತೊಡಕು ಹಳೆಯದು. ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ ಮದಾಂ ದು ಕುದ್ರೆ ಎಂಬ ಸೂಲಗಿತ್ತಿ ಬಟ್ಟೆಯ ಬಸುರಿ ಬೊಂಬೆ ಹೊಲಿದು, ಅರಸನ ಅಪ್ಪಣೆಯಂತೆ ಊರೂರು ಸುತ್ತಿ ಪಾಠ ಹೇಳಿದಳು. ನಮ್ಮಲ್ಲಿ 2019ರ ಎಂಬಿಬಿಎಸ್ ಪಠ್ಯಕ್ರಮ ಕೌಶಲ ಪ್ರಯೋಗಾಲಯವನ್ನು ಕಡ್ಡಾಯ ಮಾಡಿತು. ಬೊಂಬೆಯ ಜೊತೆಗೆ ಈಗ ಸೇರಿರುವುದು ವರ್ಚುವಲ್ ರಿಯಾಲಿಟಿ, ಅಂದರೆ ಮಿಥ್ಯಾ ವಾಸ್ತವ.

ಅದರ ತತ್ತ್ವ ಸರಳ. ತಲೆಗೆ ತೊಟ್ಟ ದೊಡ್ಡ ಕನ್ನಡಕ ಎರಡು ಕಣ್ಣಿಗೂ ತುಸು ಬೇರೆ ಬೇರೆ ಚಿತ್ರ ತೋರಿಸುತ್ತದೆ; ಮಿದುಳು ಅವೆರಡನ್ನು ಬೆಸೆದು ಆಳ ಕಾಣುತ್ತದೆ. ನೀವು ತಲೆ ತಿರುಗಿಸಿದರೆ ಸಂವೇದಕಗಳು ಅದನ್ನು ಗ್ರಹಿಸಿ ದೃಶ್ಯವನ್ನೂ ತಿರುಗಿಸುತ್ತವೆ. ನಮ್ಮ ದೂರದರ್ಶನದ ಚಿತ್ರಕ್ಕೆ ಸೆಕೆಂಡಿಗೆ 25 ಚೌಕಟ್ಟು ಸಾಕು. ಇಲ್ಲಿ ಸುಮಾರು 90 ಬೇಕು. ತಡವಾದರೆ ತಲೆ ಸುತ್ತಿ ವಾಕರಿಕೆ ಬರುತ್ತದೆ.

ಇದರಲ್ಲಿ ಹೊಟ್ಟೆಯ ಗೋಡೆ ಸರಿಸಿ, ಮಗು ಹೊರಳುತ್ತ ಕೆಳಗಿಳಿಯುವುದನ್ನು ನೋಡಬಹುದು. ಯಾವ ಕಣ್ಣಿಗೂ ಸಿಗದ ನೋಟ. ಆದರೆ ಕೈಗೆ ಏನೂ ಸಿಗುವುದಿಲ್ಲ, ಹಿಡಿಕೆಯ ಕಂಪನವೊಂದನ್ನು ಬಿಟ್ಟರೆ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಸಿಬ್ಬಂದಿಗೆ ಭುಜ ಬಿಡಿಸುವ ತರಬೇತಿ ಕೊಟ್ಟ ಮೇಲೆ, ಭುಜ ಸಿಕ್ಕಿಕೊಂಡ ಹೆರಿಗೆಗಳಲ್ಲಿ ಶಿಶುವಿಗಾಗುವ ಪೆಟ್ಟು ಶೇಕಡ 9.3ರಿಂದ 2.3ಕ್ಕೆ ಇಳಿಯಿತೆಂದು 2008ರಲ್ಲಿ ವರದಿಯಾಯಿತು. ಅಲ್ಲಿ ಬಳಸಿದ್ದು ಬೊಂಬೆಯನ್ನು, ಕನ್ನಡಕವನ್ನಲ್ಲ. ಎಷ್ಟು ಎಳೆದರೆ ಹೆಚ್ಚಾಯಿತು ಎಂಬುದನ್ನು ಕೈಯೇ ಕಲಿಯಬೇಕು.

ಹಾಗೆಂದು ಕನ್ನಡಕವನ್ನು ತಳ್ಳಿಹಾಕಬೇಕಾಗಿಲ್ಲ. ಕಣ್ಣು ಮೋಸಹೋಗುವ ಕಡೆ ಅದರ ಕೆಲಸವಿದೆ. ಹೆರಿಗೆಯ ನಂತರ 500 ಮಿಲಿಲೀಟರಿಗೂ ಹೆಚ್ಚು ರಕ್ತ ಹೋದರೆ ಅದು ಅಪಾಯದ ಗಂಟೆ. ನೆಲಕ್ಕೆ, ಬಟ್ಟೆಗೆ ಹರಿದದ್ದನ್ನು ಅಳೆಯುವುದು ಹೇಗೆ? ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ವೈದ್ಯರು ಅಳತೆಯ ಗೆರೆಗಳಿದ್ದ ಪ್ಲಾಸ್ಟಿಕ್ ಚೀಲದಲ್ಲಿ ರಕ್ತ ಹಿಡಿದು ನೋಡಿದರು. ಕಣ್ಣಂದಾಜಿನ ಲೆಕ್ಕ ಚೀಲದ ಲೆಕ್ಕಕ್ಕಿಂತ ಮೂರನೆಯ ಒಂದು ಪಾಲು ಕಡಿಮೆ ಬಂತು! 2006ರಲ್ಲಿ ಪ್ರಕಟವಾದ ಈ ಫಲಿತಾಂಶ ಭಯ ಹುಟ್ಟಿಸುವಂಥದು.

ಕನ್ನಡಕದೊಳಗೆ ಇದೇ ಪ್ರಸಂಗವನ್ನು ಬೇಕಾದಷ್ಟು ಸಲ ಹೂಡಬಹುದು. ಹಳ್ಳಿಯ ಆರೋಗ್ಯ ಕೇಂದ್ರ, ಅಪರಾತ್ರಿ, ಒಬ್ಬರೇ ನರ್ಸ್, ಮಂಕು ದೀಪ. ಮಂಚದ ಕೆಳಗೆ ರಕ್ತ ಹರಡುತ್ತಿದೆ. ಎಷ್ಟಿರಬಹುದು? ಗರ್ಭಕೋಶ ಬಿಗಿದಿದೆಯೇ ನೋಡಬೇಕೆ, ಆಕ್ಸಿಟೋಸಿನ್ ಚುಚ್ಚಬೇಕೆ, 108ಕ್ಕೆ ಯಾರು ಕರೆ ಮಾಡಬೇಕು? ಗಡಿಯಾರ ಓಡುತ್ತಿರುತ್ತದೆ. ಅಂದಾಜು ತಪ್ಪಿದರೆ ಯಂತ್ರ ನಿಜವಾದ ಅಳತೆಯನ್ನು ಪಕ್ಕದಲ್ಲೇ ತೋರಿಸಿ, ಮೊದಲಿನಿಂದ ಶುರು ಮಾಡಿಸುತ್ತದೆ.